ಇಲಾಸ್ಟಿಕ್ ಪರಕಾರ

ಇಂದೂಗೆ ಬೆಳಿಗ್ಗೆ ಇಪ್ಪತ್ತು ನಿಮಿಷ ಇರಲಿಲ್ಲ.

ಉಳಿದದ್ದು ಇತ್ತು. ಕಾತ್ರಜದಲ್ಲಿ ಎರಡನೆಯ ಮಹಡಿಯ ಮೇಲೆ ಮೂರು ಖೋಲಿಯ ಮನೆ ಇತ್ತು. ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ನೋಡಿಕೊಳ್ಳುವ ಗಂಡ ರಾಜೀವ ಇದ್ದ. ಅವನ ಕಂಪನಿ ಬಸ್ ಬೆಳಿಗ್ಗೆ ಐದೂವರೆಗೇ ಹೊರಡುತ್ತಿತ್ತು. ಹನ್ನೆರಡನೆಯ ಕ್ಲಾಸಿನ ಮಗಳು ಶರ್ವರಿ ಇದ್ದಳು. ಅವಳು ಆರಕ್ಕೆ ಫಿಜಿಕ್ಸ್ ಕ್ಲಾಸಿಗೆ ಹೋಗುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಧಾರವಾಡದಿಂದ ಬಂದು ಇಲ್ಲೇ ಉಳಿದ ಅತ್ತೆ ನಾಗವ್ವ ಇದ್ದಳು. ಮತ್ತು ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಜೀವಮಾನದಲ್ಲಿ ಮೊದಲ ಸಲ, ಇಂದೂಗೆ ಒಂದು ನೌಕರಿ ಇತ್ತು.

ಪದ್ಮಾವತಿಯ ಹತ್ತಿರ ಒಂದು ರಕ್ತ ತಪಾಸಣೆಯ ಲ್ಯಾಬು. ಕೌಂಟರಿನಲ್ಲಿ ಕೂತು ಹೆಸರು ಬರೆದುಕೊಳ್ಳುವುದು, ಶೀಷೆಗೆ ಚೀಟಿ ಅಂಟಿಸುವುದು, ಸಂಜೆ ರಿಪೋರ್ಟ್ ಕೊಡುವುದು. ಸೆಪ್ಟೆಂಬರ್ ಒಂದಕ್ಕೆ ಸೇರಿದ್ದಳು. ಮೂರು ತಿಂಗಳು ನೋಡಿ, ನವೆಂಬರ್ ಮೂವತ್ತಕ್ಕೆ ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಹೇಳುತ್ತೇವೆ ಎಂದಿದ್ದರು. ಲ್ಯಾಬಿನ ಕೀಲಿಕೈ ಅವಳ ಪರ್ಸಿನಲ್ಲಿತ್ತು. ಏಳಕ್ಕೆ ಶಟರ್ ಎತ್ತಬೇಕು. ಅದಕ್ಕೆ ಆರೂ ಮೂವತ್ತೈದರ ಬಸ್ ಹಿಡಿಯಬೇಕು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಶಟರ್ ಎತ್ತುವ ಸದ್ದು ಅವಳಿಗೆ ಎಷ್ಟು ಸೇರಿತ್ತೆಂದರೆ, ಪೂರ್ತಿ ಎತ್ತಿದ ಮೇಲೆ ಒಮ್ಮೊಮ್ಮೆ ಅರ್ಧ ಇಳಿಸಿ ಮತ್ತೆ ಎತ್ತುತ್ತಿದ್ದಳು.

ದೀಪಾವಳಿ ಮುಗಿದು ಒಂದು ವಾರಕ್ಕೆ ನಾಗವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಮೊಳಕೈಯವರೆಗೆ ಪ್ಲಾಸ್ಟರ್, ಆರು ವಾರ.

ನಾಗವ್ವನ ವಯಸ್ಸು ಎಪ್ಪತ್ತೆರಡು. ಒಂಬತ್ತು ಗಜದ ಇಳಕಲ್ ಸೀರೆ ಬಿಟ್ಟರೆ ಬೇರೆ ಉಟ್ಟವಳಲ್ಲ. ಜಳಕ ಆಗದೆ ಚಹಾ ಕುಡಿಯುತ್ತಿರಲಿಲ್ಲ, ಸೀರೆ ಉಡದೆ ಬಚ್ಚಲಿನ ಪಕ್ಕದ ಖೋಲಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಎಡಗೈ ಒಂದರಿಂದ ಆ ಸೀರೆಯ ಗಂಟು ಬೀಳುವುದಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ಇಂದೂ ಅತ್ತೆಯ ಸುತ್ತ ಸೀರೆ ಹಿಡಿದು ತಿರುಗತೊಡಗಿದಳು.

"ನಿರಿಗಿ ಎಷ್ಟ ಮಾಡಿದಿ?"

"ಐದು ಆಗ್ಯಾವ್ರಿ."

"ಏಳು ಬರಬೇಕು."

"ಬಸ್ಸಿಗೆ ಹೊತ್ತಾತ್ರಿ ಅತ್ತಿ. ಇವತ್ತ ಒಂದ ದಿನ ಐದು ಇರಲಿ."

"ಐದು ನಿರಿಗ್ಯಾಗ ನಾ ಹೆಜ್ಜಿ ಇಡಾಕ ಬರೂದಿಲ್ಲ. ಬಿಚ್ಚು."

ಬಿಚ್ಚಿ ಮತ್ತೆ ಉಡಿಸಬೇಕು. ಕೊನೆಗೆ ಸೊಂಟದ ಎಡಕ್ಕೆ ಎಲೆ ಅಡಿಕೆಯ ಚಂಚಿ ಸಿಗಿಸಬೇಕು. ಆ ಬಟ್ಟೆಯ ಚೀಲ ಅಂಗೈಯಷ್ಟು ದಪ್ಪ. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತು, ಟ್ರಂಕಿನ ಕೀಲಿ, ಎರಡು ಮಡಚಿದ ನೂರರ ನೋಟು. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನಾಗವ್ವ ಎರಡು ಸಲ ತಟ್ಟಿ ನೋಡಿದ ಮೇಲೆ ಇಂದೂಗೆ ಬಿಡುಗಡೆ.

ಶರ್ವರಿ ಒಂದು ರವಿವಾರ ತಾನು ಉಡಿಸುತ್ತೇನೆಂದು ಹೋದಳು. ಹಾಲಿನವನಿಗೆ ಬಾಗಿಲು ತೆಗೆಯಲು ನಾಗವ್ವ ಎದ್ದಾಗ ನಿರಿಗೆಯೆಲ್ಲ ಕೆಳಗೆ ಬಂತು. ಅಲ್ಲಿಗೆ ಮುಗಿಯಿತು.

"ಈ ಹುಡುಗಿ ಕೈಯಾಗ ನನ್ನ ಮಾನಾ ಕೊಡಾಂಗಿಲ್ಲ" ಎಂದಳು ನಾಗವ್ವ.

ಒಂದೇ ವಾರದಲ್ಲಿ ಇಂದೂ ಎರಡು ಸಲ ತಡವಾಗಿ ಹೋದಳು. ಎರಡನೆಯ ಸಲ ಶಟರಿನ ಮುಂದೆ ಒಂಬತ್ತು ಜನ ನಿಂತಿದ್ದರು. ಅವರ ನಡುವೆ ಮ್ಯಾನೇಜರ್ ಅಮೇಯನೂ ನಿಂತಿದ್ದ. ಅವನಿಗೆ ಇಪ್ಪತ್ತೆಂಟು ವರ್ಷ. ದನಿ ಎತ್ತುವವನಲ್ಲ.

"ಕಾಕೂ, ಪೇಶಂಟ್ ಉಪಾಶಿ ಅಸತಾತ" ಎಂದ. ರಾತ್ರಿಯಿಂದ ಏನೂ ತಿನ್ನದೆ ಬಂದವರು, ಸಕ್ಕರೆ ಕಾಯಿಲೆಯವರು, ನಿಂತಲ್ಲೇ ಬಿದ್ದರೆ ಯಾರು ಹೊಣೆ ಎಂದು ಮರಾಠಿಯಲ್ಲೇ ವಿವರಿಸಿದ. "ನಿಮ್ಮ ಕೆಲಸ ಚೆನ್ನಾಗಿದೆ. ಆದರೆ ಏಳು ಅಂದರೆ ಏಳು. ಇನ್ನೊಂದು ಸಲ ಆದರೆ ನಾನು ಡಾಕ್ಟರಿಗೆ ಹೇಳಲೇಬೇಕಾಗುತ್ತದೆ."

ಆ ರಾತ್ರಿ ರೊಟ್ಟಿ, ಝುಣಕ ಬಡಿಸುತ್ತ ಇಂದೂ ವಿಷಯ ಎತ್ತಿದಳು.

"ಅತ್ತಿ, ಪ್ಲಾಸ್ಟರ್ ತಗಿಯೂ ತನಕ ಗೌನು ಹಾಕ್ಕೋರಿ. ಆರು ವಾರದ ಮಾತು."

"ಗೌನು ದವಾಖಾನ್ಯಾಗ ಹಾಕ್ತಾರ. ಅದಕ್ಕ ಮುಂದಿಲ್ಲ, ಹಿಂದಿಲ್ಲ, ನಡಾ ಇಲ್ಲ. ಚೀಲದಾಗ ಆಲೂಗಡ್ಡಿ ತುಂಬಿದಂಗ."

"ಕೆಲಸಕ್ಕ ಒಬ್ಬ ಹೆಣ್ಣಾಳ ಇಡೋಣ, ಮುಂಜಾನೆ ಅರ್ಧ ತಾಸು" ಎಂದ ರಾಜೀವ.

"ಕೇಳೇನ್ರಿ. ಏಳಕ್ಕಿಂತ ಮೊದಲ ಯಾರೂ ಬರಾಂಗಿಲ್ಲ ಅಂತಾರ."

"ಹಂಗಾದ್ರ ನೀ ಒಂದ ತಾಸು ತಡಾ ಮಾಡಿ ಬರ್ತೀನಿ ಅಂತ ಹೇಳು."

"ನೀವು ನಿಮ್ಮ ಬಾಯ್ಲರಿಗೆ ಹೇಳ್ರಿ, ಒಂದ ತಾಸು ತಡಾ ಮಾಡಿ ಬಿಸಿ ಆಗು ಅಂತ."

ಶರ್ವರಿ ನಕ್ಕಳು. ರಾಜೀವ ನಗಲಿಲ್ಲ. "ಹನ್ನೊಂದು ಸಾವಿರ ಪಗಾರಕ್ಕ" ಎಂದ, ಯಾರಿಗೂ ಅಲ್ಲದಂತೆ.

"ಹನ್ನೊಂದು ಸಾವಿರ ಇರಲಿ, ಹನ್ನೊಂದು ರೂಪಾಯಿ ಇರಲಿ. ಕೀಲಿಕೈ ನನ್ನ ಹತ್ರ ಅದ" ಎಂದಳು ಇಂದೂ.

ಅಷ್ಟರಲ್ಲಿ ಶರ್ವರಿ ಫೋನನ್ನು ಅಜ್ಜಿಯ ತಾಟಿನ ಪಕ್ಕ ನಿಲ್ಲಿಸಿದಳು. ಯಾರೋ ಒಬ್ಬಳು ಹಾಸಿಗೆಯ ಚಾದರದಷ್ಟು ಬಟ್ಟೆ ಮಡಚಿ, ಒಂದು ಹೊಲಿಗೆ ಹಾಕಿ, ಮೇಲಿನ ಅಂಚನ್ನು ಕೊಳವೆಯಂತೆ ಮಡಚಿ ಅದರೊಳಗೆ ಇಲಾಸ್ಟಿಕ್ ತೂರಿಸಿ, ಹತ್ತು ನಿಮಿಷದಲ್ಲಿ ಲಂಗ ತೊಟ್ಟು ನಿಂತಳು.

"ಅಜ್ಜಿ, ಇದಕ್ಕ ನಡಾ ಅದ ನೋಡು. ಲಾಡಿ ಇಲ್ಲ, ಗಂಟಿಲ್ಲ. ಒಂದ ಕೈಲೇ ಮ್ಯಾಲ ಎಳಕೊಂಡ್ರ ಆತು."

ನಾಗವ್ವ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದಳು. "ಇದು ಪರಕಾರ ಅಲ್ಲೇನ? ಇದನ್ನ ನಾ ದೊಡ್ಡಾಕಿ ಆಗೂ ತನಕ ಉಟ್ಟೀನಿ. ಪರಕಾರ, ಪೋಲಕಾ."

"ಹಂಗಾದ್ರ ಮತ್ತೊಮ್ಮೆ ಉಡು."

"ಮತ್ತೊಮ್ಮೆ ಹಾಕು ಅದನ್ನ. ಆಕಿ ಅದರಾಗ ಕಾಲು ಹ್ಯಾಂಗ ಇಟ್ಲು, ಅದನ್ನ ತೋರಸು."

ಮೂರು ಸಲ ನೋಡಿದಳು. ಇಂದೂ ತನ್ನ ತಾಟು ಮುಟ್ಟಲೇ ಇಲ್ಲ. ಬೆಳಗಾವಿಯಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಹೊಲಿಗೆಯ ತಾಸಿನಲ್ಲಿ ಅವಳು ಎರಡು ದಿಂಬಿನ ಕವರು ಹೊಲಿದಿದ್ದಳು. ಅದರ ಮೇಲೆ ಮಷಿನ್ನಿಗೆ ಕೈ ಹಚ್ಚಿರಲಿಲ್ಲ. "ನಾ ಹೊಲೀತೀನಿ" ಎಂದಳು.

ಕೆಳಗಿನ ಮನೆಯ ಸ್ನೇಹಲ್‌ಗೆ ಮಷಿನ್ ಇತ್ತು. ಮರಾಠಿ ಹುಡುಗಿ, ಮದುವೆಯಾಗಿ ನಾಲ್ಕು ವರ್ಷ, ಮನೆಯಲ್ಲೇ ಬ್ಲೌಸು ಹೊಲಿದು ಸೀರೆಗೆ ಫಾಲ್ ಹಚ್ಚಿ ಕೊಡುತ್ತಿದ್ದಳು. ನಾಗವ್ವನ ಬ್ಲೌಸಿನ ಬಲತೋಳು ಸೀಳಿ ಪ್ಲಾಸ್ಟರ್ ಹೋಗುವ ಹಾಗೆ ಮಾಡಿಕೊಟ್ಟವಳೂ ಅವಳೇ. ರವಿವಾರ ಎರಡರಿಂದ ನಾಲ್ಕರವರೆಗೆ ಮಷಿನ್ ಖಾಲಿ ಎಂದಳು.

ರವಿವಾರ ಬೆಳಿಗ್ಗೆ ಅಳತೆ. ಇಂದೂ ಟೇಪು ಹಿಡಿದು ನಿಂತಳು.

"ಸೀರಿ ತುಸು ಸಡ್ಲ ಮಾಡ್ರಿ ಅತ್ತಿ."

"ಯಾಕ?"

"ನಡದ ಅಳತಿ ತಗೋಬೇಕಲ್ರಿ."

"ಸೀರಿ ಮ್ಯಾಲ ತಗೋ. ನಡಾ ಸೀರಿ ಬಿಟ್ಟು ಬ್ಯಾರೆ ಕಡೆ ಅದ ಏನು?"

ಇಂದೂ ಸೀರೆಯ ಮೇಲೆ ತೆಗೆದುಕೊಂಡಳು. ನಲವತ್ತೈದು ಇಂಚು. ಶರ್ವರಿ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು: ನಡ ನಲವತ್ತೈದು, ಇಲಾಸ್ಟಿಕ್ ಎರಡು ಇಂಚು ಕಮ್ಮಿ, ನಲವತ್ಮೂರು, ಉದ್ದ ಮೂವತ್ತಾರು, ಮೇಲೆ ಮಡಿಕೆಗೆ ಎರಡು, ಕೆಳಗೆ ಎರಡು, ಒಟ್ಟು ನಲವತ್ತು.

ಕಪಾಟಿನಿಂದ ನೀಲಿ ಹೂವಿನ ಒಂದು ಹಳೆಯ ಚಾದರ ತೆಗೆದು ಕೆಳಗೆ ಒಯ್ದರು. ಕತ್ತರಿ ಹಾಕುವ ಮೊದಲು ಇಂದೂ ಗುರುತನ್ನು ಮತ್ತೆರಡು ಸಲ ಅಳೆದಳು. ಕತ್ತರಿ ಓಡತೊಡಗಿದ ಮೇಲೆ ನಿಲ್ಲಿಸುವ ಮನಸ್ಸಾಗಲಿಲ್ಲ.

"ಕಾಕೂ, ಸಾಕು, ನೆಲದ ಹಾಸನ್ನೂ ಕತ್ತರಿಸಬೇಡಿ" ಎಂದಳು ಸ್ನೇಹಲ್.

ಮೊದಲ ಹೊಲಿಗೆ ಹಾವಿನಂತೆ ಹೋಯಿತು, ಬಿಚ್ಚಿದಳು. ಎರಡನೆಯದಕ್ಕೆ ಸೂಜಿ ಮುರಿಯಿತು. ಮೂರನೆಯದು ನೆಟ್ಟಗೆ ಬಂತು, ಆರಂಭದಿಂದ ಕೊನೆಯವರೆಗೆ. ಇಂದೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಶರ್ವರಿಗೆ ತೋರಿಸಿದಳು, ಸ್ನೇಹಲ್‌ಗೆ ತೋರಿಸಿದಳು, ಸ್ನೇಹಲ್‌ಳ ಗಂಡ ನೀರು ಕುಡಿಯಲು ಬಂದರೆ ಅವನಿಗೂ ತೋರಿಸಿದಳು. ಮೇಲಿನ ಅಂಚು ಮಡಚಿ ಹೊಲಿದು ನೇಫಾ ಮಾಡಿದಳು. ಇಲಾಸ್ಟಿಕ್ಕಿನ ತುದಿಗೆ ಪಿನ್ನು ಚುಚ್ಚಿ ನೇಫಾದೊಳಗೆ ಬಿಟ್ಟಳು. ಅರ್ಧ ದಾರಿಯಲ್ಲಿ ಪಿನ್ನು ಬಿಚ್ಚಿಕೊಂಡಿತು.

"ಎಳೀಬ್ಯಾಡ ಮಮ್ಮಿ, ಬಟ್ಟಿ ಹರೀತದ."

"ಎಳೀತಿಲ್ಲ, ತಳ್ಳಾಕತ್ತೀನಿ."

"ನಾ ಮಾಡ್ತೀನಿ ಕೊಡು."

"ಮುಟ್ಟಬ್ಯಾಡ. ಬಂತು. ಬಂತು ನೋಡು, ತುದಿ ಕಾಣ್ತು."

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಲಂಗ ಮುಗಿಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ನಾಗವ್ವ ಸೀರೆಯ ಮೇಲೇ ತೊಟ್ಟು ನೋಡುತ್ತೇನೆ ಎಂದಳು. ಮಂಚದ ಮೇಲೆ ಕೂತು, ಲಂಗವನ್ನು ನೆಲದ ಮೇಲೆ ಬಳೆಯಂತೆ ಇಡಿಸಿಕೊಂಡು, ಎರಡೂ ಕಾಲು ಅದರೊಳಗಿಟ್ಟು, ಎಡಗೈಯಿಂದ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಎಳೆದು ನಿಂತಳು. ಅಳೆದು ಮಾಡಿಸಿದ ಹಾಗೆ ಕೂತಿತು. ಖೋಲಿಯ ಉದ್ದಕ್ಕೂ ನಡೆದಳು, ತಿರುಗಿದಳು, ಬಗ್ಗಿದಳು.

"ಛಲೋ ಆಗ್ಯದ. ಬಿಗಿ ಇಲ್ಲ, ಸಡ್ಲ ಇಲ್ಲ" ಎಂದಳು.

ರಾಜೀವ ಮಾತ್ರ "ಮಂದಿ ಏನಂತಾರ, ಅವ್ವಗ ಫ್ರಾಕು ತೊಡಿಸ್ಯಾರ ಅಂತಾರ" ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ರಾತ್ರಿ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು, ಶರ್ವರಿ ನಾಲ್ಕು ರೊಟ್ಟಿ ತಿಂದಳು.

ಸೋಮವಾರ ಬೆಳಿಗ್ಗೆ ಆರೂ ಕಾಲಿಗೆ ಇಂದೂ ಚಪ್ಪಲಿ ಮೆಟ್ಟಿ, ಪರ್ಸು ಹೆಗಲಿಗೆ ಹಾಕಿ, ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ನಾಗವ್ವ ಕೂಗಿದಳು.

"ಇಂದೂ, ಇದು ನಿಂದ್ರವಲ್ದು."

"ಎಳಕೋರಿ ಅತ್ತಿ."

"ಎಳಕೊಂಡೇನಿ. ಬಿಟ್ರ ಬೀಳ್ತದ."

ಇಂದೂ ಒಳಗೆ ಹೋದಳು. ನಾಗವ್ವ ಬ್ಲೌಸು ತೊಟ್ಟು, ಎಡಗೈಯಲ್ಲಿ ಲಂಗದ ಮೇಲಂಚು ಮುಷ್ಟಿ ಮಾಡಿ ಹಿಡಿದು ನಿಂತಿದ್ದಳು. ಸೀರೆಯಿಲ್ಲದ ಅತ್ತೆಯನ್ನು ಇಂದೂ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನೋಡಿದ್ದು ಈ ಪ್ಲಾಸ್ಟರ್ ಬಿದ್ದ ಮೇಲೆ. ಆಗಲೂ ಗಡಿಬಿಡಿಯಲ್ಲಿ ಸರಿಯಾಗಿ ನೋಡಿರಲಿಲ್ಲ. ಮುದುಕಿಯ ನಡ ಇಷ್ಟೇ ಇತ್ತು, ಶರ್ವರಿಯದಕ್ಕಿಂತ ಸ್ವಲ್ಪ ದಪ್ಪ. ನಿನ್ನೆ ಅಳೆದದ್ದು ಒಂಬತ್ತು ಗಜದ ಸೀರೆ, ನಿರಿಗೆಯ ಗಂಟು ಮತ್ತು ಚಂಚಿ. ತೊಟ್ಟು ನೋಡಿದ್ದೂ ಅವುಗಳ ಮೇಲೆಯೇ.

"ಸೀರಿ ಮ್ಯಾಲ ಅಳತಿ ತಗೋ ಅಂದವರು ಯಾರು?" ಎಂದಳು ಇಂದೂ.

"ತಗೊಂಡಾಕಿ ಯಾರು?"

ಇಂದೂ ಪರ್ಸು ಕೆಳಗಿಟ್ಟಳು. ಸೀರೆ ಉಡಿಸಿದಳು, ಏಳು ನಿರಿಗೆ ಹಾಕಿ. ಬಸ್ ತಪ್ಪಿತು. ಕೌಂಟರಿನ ಮುಂದೆ ಹನ್ನೊಂದು ಜನ. ಅಮೇಯ ಡಾಕ್ಟರ ಮನೆಯಿಂದ ಇನ್ನೊಂದು ಕೀಲಿ ತಂದು ಆಗಲೇ ಶಟರ್ ತೆರೆದಿದ್ದ.

"ಡಾಕ್ಟರಿಗೆ ಹೇಳಿದೆ, ಕಾಕೂ. ಮೂವತ್ತನೇ ತಾರೀಖಿನವರೆಗೆ ನೋಡೋಣ ಅಂದರು. ಇದು ಕೊನೆಯದು. ಇನ್ನು ಐದು ನಿಮಿಷ ಆದರೂ ಬೇರೆಯವರನ್ನು ಹುಡುಕುತ್ತಾರೆ."

ಮಂಗಳವಾರದಿಂದ ಇಂದೂ ನಾಲ್ಕೂವರೆಗೆ ಏಳತೊಡಗಿದಳು. ಐದಕ್ಕೆ ನಾಗವ್ವನಿಗೆ ಜಳಕ. ನವೆಂಬರಿನ ಚಳಿ. ಗುರುವಾರದ ಹೊತ್ತಿಗೆ ಮುದುಕಿಗೆ ಕೆಮ್ಮು ಹತ್ತಿತು. ರಾಜೀವ ಬೂಟಿನ ಲೇಸು ಕಟ್ಟುತ್ತ ಸಿಟ್ಟಾದ.

"ನಿನ್ನ ನೌಕರಿ ಸಲುವಾಗಿ ಅವ್ವನ್ನ ನಸೀಕಲೆ ತೊಯ್ಸಿ ಕೂಡಸ್ತೀಯಲ್ಲ. ನ್ಯುಮೋನಿಯಾ ಆದ್ರ ಯಾರು?"

"ನಾಳೆ ನೀವು ಉಡಸ್ರಿ. ಏಳರ ತನಕ ಇರ್ರಿ, ಕಂಪನಿ ಬಸ್ ಬಿಡ್ರಿ."

"ನಾ ಹ್ಯಾಂಗ ಉಡಸ್ಲಿ? ಅವ್ವ ಆಕಿ."

"ನನಗೂ ಆಕಿ ಅತ್ತಿನ. ಹುಟ್ಟಿದಾಗಿಂದ ಉಡಿಸಿ ರೂಢಿ ಏನಿಲ್ಲ ನನಗೂ."

"ಇಬ್ರೂ ಹೋಗ್ರಿ" ಎಂದಳು ನಾಗವ್ವ ಕೆಮ್ಮುತ್ತ. "ಇಬ್ಬರ ಬಸ್ಸೂ ಹೋದ್ರ ಸಂಜಿಗೆ ಇಬ್ಬರ ಮಾರಿನೂ ನಾ ನೋಡಬೇಕು."

ಆ ಸಂಜೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದು ಇಂದೂಗೆ ಒಂದು ನೂಲಿನ ದಾರ ಕೊಟ್ಟಳು. ಒಂದು ತುದಿ ಒದ್ದೆಯಾಗಿತ್ತು, ಇನ್ನೊಂದು ಕಡೆ ಕುಂಕುಮದ ಗುರುತು.

"ಒಂದ ತುದಿ ಹಲ್ಲಾಗ ಹಿಡದು ಸುತ್ತೇನಿ. ಎಲ್ಲಿ ಕೂಡ್ತೋ ಅಲ್ಲಿ ಕುಂಕುಮ ಹಚ್ಚೇನಿ. ಬಾಯಿಂದ ನಡದ ತನಕ ಎಷ್ಟೋ ಅಷ್ಟನ್ನ ತಗದುಬಿಡು, ಅಲ್ಲಿ ಸುಣ್ಣ ಹಚ್ಚೇನಿ."

ಸುಣ್ಣದಿಂದ ಕುಂಕುಮದವರೆಗೆ ಶರ್ವರಿ ಅಳೆದಳು. ಮೂವತ್ಮೂರು.

"ಮಮ್ಮಿ, ಹನ್ನೆರಡು ಇಂಚು ಚಂಚಿ."

"ಎರಡು ಇಂಚು ಕಮ್ಮಿ ಮಾಡಿ ಕತ್ತರಸು, ಮೂವತ್ತೊಂದು" ಎಂದಳು ಇಂದೂ. ಆಗಲೇ ನೇಫಾದ ಹೊಲಿಗೆ ಬಿಚ್ಚುತ್ತಿದ್ದಳು. ಸ್ನೇಹಲ್‌ಳ ಮನೆಗೆ ಇಳಿದು, ಅವಳು ಅಡಿಗೆ ಮಾಡುವಷ್ಟರಲ್ಲಿ ಹೊಸ ಇಲಾಸ್ಟಿಕ್ ಹಾಕಿ ಮುಗಿಸಿದಳು. ಈ ಸಲ ಪಿನ್ನು ಬಿಚ್ಚಲಿಲ್ಲ.

ಶುಕ್ರವಾರ ಲಂಗ ನಿಂತಿತು. ನಾಗವ್ವ ಒಬ್ಬಳೇ ತೊಟ್ಟಳು, ಮೂರು ನಿಮಿಷದಲ್ಲಿ. ತೊಟ್ಟು ಮಂಚದ ಮೇಲೆ ಕೂತಳು. ಏಳಲಿಲ್ಲ.

"ಬರ್ರಿ ಅತ್ತಿ, ಚಹಾ ಆಗ್ಯದ."

"ಸೀರಿ ತಾ."

"ಮತ್ಯಾಕ್ರಿ ಸೀರಿ?"

"ಸೆರಗ ಎಲ್ಲದ ಇದಕ್ಕ? ತಲಿ ಮ್ಯಾಲ ಏನೂ ಇಲ್ಲದ ದೇವರ ಮುಂದ ಹ್ಯಾಂಗ ಕೂಡ್ಲಿ? ಹಾಲಿನಾಂವ ಬಂದ್ರ? ಇದರ ಮ್ಯಾಲ ಸೀರಿ ಉಡಸು."

ಇಂದೂ ಗೋಡೆಗೆ ಒರಗಿ ನಿಂತಳು. ಲಂಗದ ಮೇಲೆ ಸೀರೆ ಉಡಿಸಿದಳು. ನಾಲ್ಕೂವರೆಗೇ ಎದ್ದಿದ್ದರಿಂದ ಬಸ್ ಸಿಕ್ಕಿತು. ಕೌಂಟರಿನಲ್ಲಿ ಕೂತು ಮೂವರ ಶೀಷೆಗೆ ತಪ್ಪು ಚೀಟಿ ಅಂಟಿಸಿ, ತಾನೇ ಗಮನಿಸಿ ತೆಗೆದಳು.

ಶನಿವಾರ ಸಂಜೆ ಸ್ನೇಹಲ್ ಬ್ಲೌಸಿನ ಗುಂಡಿ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ಒಂದು ಸಲ ತಲೆ ಎತ್ತಿ, "ಸೀರೆಯಿಂದಲೇ ಲಂಗ ಹೊಲಿಯಿರಿ" ಎಂದಳು. "ಸೆರಗಿನ ಭಾಗ ಕತ್ತರಿಸಿ ಬೇರೆ ಇಡಿ. ಅದರ ಒಂದು ತುದಿಯನ್ನು ಲಂಗದ ಬಲಗಡೆ ನೇಫಾದ ಜೊತೆಗೇ ಹೊಲಿದುಬಿಡಿ. ಲಂಗ ಎಳೆದುಕೊಂಡರೆ ಸೆರಗೂ ಬಂದ ಹಾಗೆ. ಸುತ್ತಿ ಹೆಗಲ ಮೇಲೆ ಹಾಕಿ ತಲೆಗೆ ಹೊದ್ದರೆ ಯಾರಿಗೂ ಗೊತ್ತಾಗುವುದಿಲ್ಲ."

ಶರ್ವರಿ ಎದ್ದು ನಿಂತುಬಿಟ್ಟಳು. ಇಂದೂ ಕೂತೇ ಇದ್ದಳು. "ಇಳಕಲ್ ಸೀರೆ ಕತ್ತರಿಸುವುದು" ಎಂದಳು. "ಅತ್ತೆ ನನ್ನನ್ನೇ ಕತ್ತರಿಸುತ್ತಾರೆ."

ನಾಗವ್ವನ ಹತ್ತಿರ ಆರು ಇಳಕಲ್ ಸೀರೆ ಇದ್ದವು. ಕಬ್ಬಿಣದ ಟ್ರಂಕಿನಲ್ಲಿ, ಬೇವಿನೆಲೆ ಹಾಕಿ. ಊಟದ ಹೊತ್ತಿಗೆ ಇಂದೂ ಸ್ನೇಹಲ್ ಹೇಳಿದ್ದನ್ನು ಹೇಳಿದಳು, ಮಜ್ಜಿಗೆ ಬಡಿಸುತ್ತ, ಮಾರಿ ನೋಡದೆ.

ರಾಜೀವ ತಾಟು ಸರಿಸಿದ. "ಹುಚ್ಚು ಹಿಡದದೇನು? ಅಪ್ಪ ತಂದ ಸೀರಿ ಅವು."

"ಎಲ್ಲಿ ತಂದಾನ ನಿಮ್ಮಪ್ಪ?" ಎಂದಳು ನಾಗವ್ವ. "ಅಂವ ತಂದಿದ್ದು ಒಂದ. ಆರ ತಿಂಗಳಿಗೆ ಪಿಸೀತು. ಇವು ಎಲ್ಲಾ ನಾ ಎಮ್ಮಿ ಹಾಲು ಮಾರಿ ತಗೊಂಡಿದ್ದು."

"ಯಾರ ತಂದ್ರೂ ಕತ್ತರಸೂದು ಬ್ಯಾಡವ್ವ. ನಾಳೆ ಕೈ ಆರಾಮಾದ ಮ್ಯಾಲ ಏನ ಉಡ್ತಿ?"

"ಕೈ ಆರಾಮಾಗೂದರಾಗ ಇಕಿ ನೌಕರಿ ಹೋಗ್ತದ. ಆಮ್ಯಾಲ ದಿನಾ ಮನ್ಯಾಗ ಕುಂತು ನನ್ನ ಮಾರಿ ನೋಡ್ತಾಳ, ನಾ ಇಕಿ ಮಾರಿ ನೋಡ್ತೀನಿ. ಸೀರಿ ಇಟಗೊಂಡು ಏನ ಮಾಡ್ಲಿ?" ನಾಗವ್ವ ಎಡಗೈಯಿಂದ ಚಂಚಿ ಎಳೆದು, ಅದರೊಳಗಿನ ಟ್ರಂಕಿನ ಕೀಲಿ ತೆಗೆದು ಶರ್ವರಿಯ ಮುಂದೆ ಇಟ್ಟಳು. "ಕೆಂಪು ದಡೀದು ತಗಿ. ಅದು ಎಲ್ಲಾಕ್ಕಿಂತ ಹಳೇದು."

"ಅವ್ವ, ನೋಡು—"

"ನೀ ಉಣ್ಣು ರಾಜೂ. ಮಜ್ಜಿಗಿ ಆರ್ತದ" ಎಂದಳು. ಮಜ್ಜಿಗೆ ಆರುವಂಥದ್ದಲ್ಲ. ರಾಜೀವ ಉಂಡ.

ರವಿವಾರ ಎರಡಕ್ಕೆ ಮೂವರೂ ಕೆಳಗಿಳಿದರು. ನಾಗವ್ವನೂ ಬಂದಳು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಕುರ್ಚಿಯ ಮೇಲೆ ಕೂತು, ಕತ್ತರಿ ತನಗೆ ಕೊಡಿ ಎಂದಳು. ಎಡಗೈಯಲ್ಲಿ ಕತ್ತರಿ ಹಿಡಿದು ಸೀರೆಯ ಅಂಚಿಗೆ ಮೊದಲ ಕಚ್ಚು ಹಾಕಿದಳು. ಕಚ್ಚು ಓರೆಯಾಯಿತು. "ಮುಂದ ನೀನ ಹೋಗು" ಎಂದು ಇಂದೂಗೆ ಕೊಟ್ಟಳು.

ಆ ಎರಡು ತಾಸು ಆ ಖೋಲಿಯಲ್ಲಿ ಯಾರೂ ಸುಮ್ಮನೆ ಇರಲಿಲ್ಲ. ಇಂದೂ ಮಷಿನ್ ತುಳಿದಳು, ಶರ್ವರಿ ಬಟ್ಟೆ ಹಿಡಿದಳು, ಸ್ನೇಹಲ್ ಸೆರಗಿನ ತುದಿಯನ್ನು ಚುಚ್ಚಿ ಗುರುತು ಮಾಡಿದಳು. ನಾಗವ್ವ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮೂವರಿಗೂ ಆಜ್ಞೆ ಕೊಟ್ಟಳು.

"ದಡಿ ಕೆಳಗ ಬರಲಿ. ಖಾಲಿ, ಖಾಲಿ" ಎಂದಳು, ಕೆಳಗೆ ಎಂಬುದನ್ನೇ ಸ್ನೇಹಲ್‌ಗೆ ಮರಾಠಿಯಲ್ಲಿ ಹೇಳುತ್ತ. "ತಲಿ ಕೆಳಗ ಮಾಡಿ ಹೊಲದೀರಿ ಮತ್ತ."

"ಸರಿಯಾಗೇ ಅದ ಅಜ್ಜಿ."

"ಆಮ್ಯಾಲ ಚಂಚಿ ಎಲ್ಲಿಡ್ಲಿ? ಇಲಾಸ್ಟಿಕ್ಕಿನಾಗ ಸಿಗಿಸಿದ್ರ ಕೆಳಗ ಜಾರಿ ಬೀಳ್ತದ."

ಇಂದೂ ಮಷಿನ್ ನಿಲ್ಲಿಸಿದಳು. ಉಳಿದ ತುಂಡಿನಿಂದ ಒಂದು ಅಂಗೈ ಅಗಲದ ಚೌಕ ಕತ್ತರಿಸಿ, ಎಡಗಡೆ ಹೊಲಿಗೆಯ ಪಕ್ಕದಲ್ಲಿಟ್ಟು ಮೂರು ಬದಿ ಹೊಲಿದಳು. ಯಾವ ವಿಡಿಯೋದಲ್ಲೂ ನೋಡಿದ್ದಲ್ಲ. ನಾಗವ್ವ ಚಂಚಿಯನ್ನು ಅದರೊಳಗೆ ಇಳಿಸಿದಳು, ತೆಗೆದಳು, ಮತ್ತೆ ಇಳಿಸಿದಳು.

"ಅರವತ್ತು ವರ್ಷ ಸೀರಿ ಉಟ್ಟೆ" ಎಂದಳು. "ಒಂದಕ್ಕೂ ಕಿಸೆ ಇರಲಿಲ್ಲ. ಗಂಡಸರು ಪ್ರತಿ ಅಂಗಿಗೆ ಎರಡೆರಡು ಇಟಗೊಂಡಾರ."

ಈ ಸಲ ಸೀರೆ ಬಿಚ್ಚಿಯೇ ತೊಟ್ಟು ನೋಡಿದಳು, ಸ್ನೇಹಲ್‌ಳ ಒಳಗಿನ ಖೋಲಿಯಲ್ಲಿ, ಬಾಗಿಲು ಹಾಕಿಕೊಂಡು. ಹೊರಗೆ ಮೂವರು ಕಾದರು. ಮಂಚದ ಸದ್ದು ಕೇಳಿತು. ಒಮ್ಮೆ ಏನೋ ಬಿದ್ದ ಸದ್ದು.

"ಬಿತ್ತೇನ್ರಿ ಅತ್ತಿ?"

"ಅಡಕತ್ತು."

ಬಾಗಿಲು ತೆರೆಯಿತು. ಕರಿ ಮೈ, ಕೆಂಪು ದಡಿ, ತಲೆಯ ಮೇಲೆ ಕೆಂಪು ಸೆರಗು. ನಿರಿಗೆಯ ಜಾಗದಲ್ಲಿ ಇಲಾಸ್ಟಿಕ್ಕಿನ ಸಣ್ಣ ಸುಕ್ಕುಗಳು. ದೂರದಿಂದ ನೋಡಿದರೆ ಸೀರೆ ಉಟ್ಟ ಧಾರವಾಡದ ಮುದುಕಿ. ನಾಗವ್ವ ಕೈ ಎರಡೂ ಬಿಟ್ಟು ನಿಂತಳು. ಏನೂ ಬೀಳಲಿಲ್ಲ. ಇಂದೂ ಕೆಳಗೆ ಕೂತು ಅಂಚನ್ನು ಜಗ್ಗಿ ನೋಡಿದಳು, ಇನ್ನೂ ಜೋರಾಗಿ ಜಗ್ಗಿದಳು.

"ಬಿಡು, ಹರದೀ" ಎಂದಳು ನಾಗವ್ವ. "ಮ್ಯಾಲ ಹೋಗೂನು ನಡೀರಿ. ರಾಜೂನ ಮುಂದ ಅಡ್ಡಾಡಿ ಬರ್ತೀನಿ."

ರಾಜೀವ ಟಿ.ವಿ. ನೋಡುತ್ತಿದ್ದ. ತಾಯಿ ಅವನ ಮುಂದೆ ಮೂರು ಸಲ ಹಾದಳು. ಮೂರನೆಯ ಸಲ ಅವನು "ಯಾಕವ್ವ, ಏನರ ಬೇಕೇನು?" ಎಂದು ಕೇಳಿದ. ಶರ್ವರಿ ಅಡಿಗೆಮನೆಗೆ ಓಡಿಹೋಗಿ ನಕ್ಕಳು.

ಸೋಮವಾರ ಇಂದೂ ಐದೂವರೆಗೆ ಎದ್ದಳು. ನಾಗವ್ವ ಬಿಸಿಲು ಬಂದ ಮೇಲೆ ಜಳಕ ಮಾಡುತ್ತೇನೆ ಎಂದು ಮಗ್ಗುಲಾದಳು. ಎದ್ದಮೇಲೆ ಯಾರನ್ನೂ ಕೂಗಲಿಲ್ಲ. ಇಂದೂ ಆ ಐದು ದಿನ ಏಳಕ್ಕೆ ಐದು ನಿಮಿಷ ಮೊದಲೇ ಶಟರ್ ಎತ್ತಿದಳು. ಬುಧವಾರ ಒಂದು ಕೆಲಸ ಹೆಚ್ಚಾಯಿತು: ಒಂದೇ ಲಂಗ, ಒಗೆದು ಹಾಕಿದರೆ ಮರುದಿನಕ್ಕೆ ಒಣಗುವುದಿಲ್ಲ. ನಾಗವ್ವ ಎರಡನೆಯ ಸೀರೆ ತೆಗೆದು ಇಂದೂಳ ಹಾಸಿಗೆಯ ಮೇಲಿಟ್ಟಿದ್ದಳು, ಮೇಲೆ ಕತ್ತರಿ ಸಮೇತ. ಇಂದೂ ಊಟ ಆದ ಮೇಲೆ ಕೆಳಗೆ ಹೋಗಿ ಅದನ್ನು ಹೊಲಿದಳು. ಅಳತೆ ನೋಡದೆ ಕೈ ನಡೆಯಿತು.

ಮೂವತ್ತಕ್ಕೆ ಮಧ್ಯಾಹ್ನ ಅಮೇಯ ಒಂದು ಕಾಗದ ತಂದು ಕೌಂಟರಿನ ಮೇಲೆ ಇಟ್ಟ. ಡಿಸೆಂಬರಿನಿಂದ ಕಾಯಂ. ಇಂದೂ ಎರಡು ಸಲ ಓದಿ, ಮಡಚಿ, ಪರ್ಸಿನಲ್ಲಿ ಕೀಲಿಕೈ ಪಕ್ಕ ಇಟ್ಟಳು. ಮನೆಗೆ ಬರುವಾಗ ಅರ್ಧ ಕಿಲೋ ಜಿಲೇಬಿ ತಂದಳು.

"ಎಷ್ಟ ಹೆಚ್ಚ ಮಾಡ್ಯಾರ?" ಎಂದು ರಾಜೀವ ಕೇಳಿದ.

"ಒಂದ ಸಾವಿರ."

"ಹನ್ನೆರಡಾತು."

"ಹೌದ್ರಿ. ಹನ್ನೆರಡು."

ಅವನು ಜಿಲೇಬಿ ತೆಗೆದುಕೊಂಡ. ಎರಡನೆಯದನ್ನೂ ತೆಗೆದುಕೊಂಡ.

ಡಿಸೆಂಬರ್ ಮೂರನೆಯ ವಾರ ಪ್ಲಾಸ್ಟರ್ ತೆಗೆದರು. ಕೈ ಬೆಳ್ಳಗೆ, ಕಡ್ಡಿಯಂತಾಗಿತ್ತು. ಬೆರಳು ಮಡಚುವುದಕ್ಕೆ ಇನ್ನೆರಡು ತಿಂಗಳು ಬೇಕೆಂದರು. ಡಾಕ್ಟರು ಚಪಾತಿ ಹಿಟ್ಟು ನಾದಲು ಹೇಳಿದ್ದರಿಂದ ನಾಗವ್ವ ದಿನಾ ಹಿಟ್ಟು ನಾದಿದಳು. ಸೀರೆಯ ಮಾತು ರಾಜೀವನೇ ಎತ್ತಿದ.

"ಇನ್ನ ಸೀರಿ ಉಡಬಹುದಲ್ಲವ್ವ."

"ಉಡಬಹುದು" ಎಂದಳು ನಾಗವ್ವ. ಉಡಲಿಲ್ಲ.

ಜನವರಿಯಲ್ಲಿ ಅವಳು ಒಬ್ಬಳೇ ಮೆಟ್ಟಿಲಿಳಿದು ಹತ್ತಿರದ ಪಾರ್ಕಿಗೆ ಹೋಗತೊಡಗಿದಳು. ಅಲ್ಲಿ ಬೆಂಚಿನ ಮೇಲೆ ಕೂಡುವ ಮರಾಠಿ ಮುದುಕಿಯರಿಗೆ ಕಿಸೆ ತೋರಿಸಿದಳು. ಮೊಣಕಾಲು ನೋವಿನವಳೊಬ್ಬಳು, ಬೊಜ್ಜಿನವಳೊಬ್ಬಳು ತಮಗೂ ಬೇಕೆಂದು ಸ್ನೇಹಲ್‌ಳ ಮನೆ ಹುಡುಕಿಕೊಂಡು ಬಂದರು. ಸ್ನೇಹಲ್ ಇಂದೂಳನ್ನು ಕರೆದಳು. ರವಿವಾರ ಎರಡರಿಂದ ನಾಲ್ಕು ಎಂಬುದು ಎರಡರಿಂದ ಏಳು ಆಯಿತು. ನಡುನಡುವೆ ನಾಗವ್ವ ತನ್ನ ಮತ್ತೊಂದು ಸೀರೆ ತಂದು ಇಡುತ್ತಿದ್ದಳು. "ಈ ಸಲ ಎರಡೂ ಕಡೆ ಕಿಸೆ ಇರಲಿ" ಎಂದಳು. ಇಂದೂ ಎರಡೂ ಕಡೆ ಹಾಕಿದಳು.

ಫೆಬ್ರವರಿಯ ಮೊದಲ ರವಿವಾರ ಇಂದೂ ಟ್ರಂಕು ತೆರೆದಾಗ ಒಂದೇ ಸೀರೆ ಉಳಿದಿತ್ತು. ಹಸಿರು, ಅಗಲ ದಡಿಯದು, ಒಮ್ಮೆಯೂ ಮಡಿಕೆ ಬಿಚ್ಚದ್ದು. ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಗೆ ಬಂದಳು.

"ಅತ್ತಿ, ಇವತ್ತ ಇದನ್ನ ಒಯ್ಲೇನ್ರಿ?"

ನಾಗವ್ವ ಅಡಿಕೆ ಕತ್ತರಿಸುತ್ತಿದ್ದಳು. "ಅದನ್ನ ತಿರುಗಿ ಇಡು."

"ಯಾಕ್ರಿ? ಬಣ್ಣ ಛಲೋ ಅದ. ನಿಮಗ ಒಪ್ತದ."

"ಅದು ನನ್ನ ಹೊರಗ ಒಯ್ಯೂ ದಿನಕ್ಕ ಇಟ್ಟದ್ದು. ಅದಕ್ಕ ಇಲಾಸ್ಟಿಕ್ ಬ್ಯಾಡ."

ಇಂದೂ ಸೀರೆ ಹಿಡಿದೇ ನಿಂತಳು.

"ನಿಂತು ಏನ ನೋಡ್ತಿ? ಅವತ್ತ ನೀನ ಉಡಸು. ಲ್ಯಾಬಿಗೆ ರಜಾ ಹಾಕು" ಎಂದಳು ನಾಗವ್ವ. ಅಡಿಕೆಯ ಒಂದು ಹೋಳು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬಲಗಡೆಯ ಕಿಸೆಗೆ ಸುರಿದಳು.

ಇಂದೂ ಹಸಿರು ಸೀರೆಯನ್ನು ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು. ಕೆಳಗಿನಿಂದ ಸ್ನೇಹಲ್ ಕೂಗುತ್ತಿದ್ದಳು.

ಆ ಮೂರು ತಿಂಗಳಲ್ಲಿ ಹೋದದ್ದು ಒಂದು ನೀಲಿ ಚಾದರ, ಸ್ನೇಹಲ್‌ಳ ಮಷಿನ್ನಿನ ನಾಲ್ಕು ಸೂಜಿ, ಐದು ಇಳಕಲ್ ಸೀರೆ.